ಮಳೆಯ ಲೆಕ್ಕ, ಮನೆಯ ಲೆಕ್ಕ

ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಜೆ. ಎಸ್. ಚಕ್ರವರ್ತಿಯವರು 1920ರಲ್ಲಿ ಪ್ರಕಟಿಸಿದ ಕೃಷಿವಿಮೆಯ ಗ್ರಂಥದಲ್ಲಿ, ಒಬ್ಬೊಬ್ಬ ರೈತನ ನಷ್ಟವನ್ನು ಬೇರೆಬೇರೆಯಾಗಿ ಅಳೆಯುವ ದುಸ್ಸಾಧ್ಯ ಕಾರ್ಯವನ್ನು ತೊರೆದು, ಆಯಾ ಸೀಮೆಯಲ್ಲಿ ಸುರಿದ ಮಳೆಯ ಪ್ರಮಾಣವನ್ನೇ ಆಧಾರವಾಗಿ ಹಿಡಿದು ಪರಿಹಾರ ಸಲ್ಲಿಸತಕ್ಕದ್ದೆಂದು ಪ್ರತಿಪಾದಿಸಿದರು. 2016ರಿಂದ ನಡೆದುಬಂದಿರುವ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯ ಗುಣದೋಷಗಳನ್ನು ತೂಗುವಾಗ ನನಗೆ ಮತ್ತೆಮತ್ತೆ ನೆನಪಾಗುವುದು ಆ ಗ್ರಂಥವೇ.

ಯೋಜನೆಯ ಗುಣವನ್ನು ಮೊದಲು ಹೇಳಬೇಕು. ಮುಂಗಾರಿನ ಆಹಾರಧಾನ್ಯ ಮತ್ತು ಎಣ್ಣೆಕಾಳುಗಳಿಗೆ ವಿಮಾಮೊತ್ತದ ಶೇ. 2, ಹಿಂಗಾರಿಗೆ ಶೇ. 1.5, ಇದಕ್ಕೆ ಮೀರಿದ ಕಂತು ರೈತನ ಮೇಲೆ ಬೀಳದು. ಉಳಿದುದನ್ನು ಸರ್ಕಾರಗಳು ಭರಿಸುತ್ತವೆ. ಬಡವನ ಕೈಗೆಟಕುವ ವಿಮೆಯೆಂಬ ಮಾತು ಇಲ್ಲಿ ಸಾರ್ಥಕವಾಗಿದೆ.

ದೋಷವಿರುವುದು ಕಾಲದಲ್ಲಿ. ಬೆಳೆ ಕಟಾವು ಪ್ರಯೋಗಗಳು ಮುಗಿದು, ಗ್ರಾಮ ಪಂಚಾಯಿತಿಯ ಸರಾಸರಿ ಇಳುವರಿ ಗೊತ್ತಾಗಿ, ಲೆಕ್ಕ ಇತ್ಯರ್ಥವಾಗುವವರೆಗೆ ಹಣ ಬಾರದು. ಮನೆಯಾದರೋ ಅಷ್ಟು ದಿನ ಕಾಯಲಾರದು. ಬಿತ್ತನೆಗೆಂದು ತಂದ ಸಾಲಕ್ಕೆ ಬಡ್ಡಿ ಬೆಳೆಯುತ್ತಿರಲು, ಮೇವು ತೀರಿ, ಬೆಂಡೋಲೆ ಗಿರವಿ ಅಂಗಡಿಯನ್ನು ಸೇರಿ, ಕಡೆಗೆ ಎತ್ತುಗಳನ್ನು ಸಂತೆಗೆ ಹೊಡೆದುಕೊಂಡು ಹೋದರೆ, ಸೀಮೆಯ ಸಮಸ್ತರೂ ಅದೇ ಕಾರಣಕ್ಕಾಗಿ ಅಲ್ಲಿಗೆ ಬಂದಿರುವುದರಿಂದ ಬೆಲೆ ಕುಸಿದಿರುತ್ತದೆ. ಮರುವರ್ಷ ಮಳೆಯಾದಾಗ ಎಲ್ಲರೂ ಒಮ್ಮೆಗೇ ಕೊಳ್ಳಹೊರಡುವುದರಿಂದ ಅಂಥದೇ ಜೋಡಿಯ ಬೆಲೆ ಏರಿರುತ್ತದೆ. ಬರಗಾಲದಲ್ಲಿ ಬಡಕುಟುಂಬವು ತೆರುವ ಅತಿ ದೊಡ್ಡ ದಂಡ ಈ ಎರಡು ಬೆಲೆಗಳ ನಡುವಣ ಅಂತರವೆಂದೇ ನನ್ನ ಎಣಿಕೆ. ಬೆಳೆವಿಮೆಯ ಕಾಗದಗಳಲ್ಲಿ ಅದನ್ನು ಬರೆದುಕೊಳ್ಳುವ ಸ್ಥಳವಿಲ್ಲ.

ಇನ್ನು ಪಾಲಿಗೆ ಉಳುವವನ ಗತಿ. ಯೋಜನೆಯ ನಿಯಮವು ಅವನನ್ನು ಹೊರಗಿಟ್ಟಿಲ್ಲ. ಆದರೆ ಭೂಸುಧಾರಣಾ ಕಾಯಿದೆಯ 1974ರ ತಿದ್ದುಪಡಿಯ ತರುವಾಯ ನಮ್ಮ ಕರ್ನಾಟಕದಲ್ಲಿ ಗೇಣಿಯೇ ನಿಷಿದ್ಧವಾಗಿರುವುದರಿಂದ, ಬಾಯಿಮಾತಿನ ಒಪ್ಪಂದದ ಮೇಲೆ ಉಳುವವನ ಹೆಸರು ಪಹಣಿಯಲ್ಲಿ ಸಾಮಾನ್ಯವಾಗಿ ಕಾಣದು; ವಿಮೆಗೆ ತೋರಿಸಲು ಅವನ ಬಳಿ ದಾಖಲೆಯಿರದು. ಭೂಮಿಯೇ ಇಲ್ಲದವರ ಗತಿ ಇನ್ನೂ ಕಠಿನ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಅಂಥ ವರ್ಷದಲ್ಲಿ ಕಳೆ ಕೀಳುವ, ಕೊಯ್ಲು ಮಾಡುವ ಕೂಲಿಯನ್ನೇ ನೆಚ್ಚಿದ ಭೂಹೀನರಿಗೆ ಗುಳೆ ಹೋಗುವುದೊಂದೇ ದಾರಿ. ಅವರ ಪಾಲಿಗೆ ಈ ಯೋಜನೆಯಲ್ಲಿ ಒಂದಕ್ಷರವೂ ಇಲ್ಲ.

ಹಂಗಾಮಿನ ನಡುವೆಯೇ ಸಂಭಾವ್ಯ ಪರಿಹಾರದ ಶೇ. 25ರಷ್ಟನ್ನು ಮುಂಗಡವಾಗಿ ಕೊಡುವ ಅವಕಾಶವೇನೋ ನಿಯಮದಲ್ಲಿದೆ. ಆದರೆ ಇಳುವರಿ ಅರ್ಧಕ್ಕಿಂತ ಕೆಳಗಿಳಿಯುವ ಸೂಚನೆಯಿರಬೇಕೆಂಬ ಷರತ್ತೂ ಜಂಟಿ ಸಮೀಕ್ಷೆಯೂ ಅದರ ಬೆನ್ನಿಗಿವೆ. ಚಕ್ರವರ್ತಿಯವರ ಕಾಲದ ಹಳ್ಳಿಗಳಲ್ಲಿಲ್ಲದ ಸ್ವಯಂಚಾಲಿತ ಮಳೆಮಾಪಕಗಳು ಇಂದು ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ನಿಂತಿವೆ. ಅವುಗಳ ಅಂಕಿಯನ್ನೇ ನಂಬಿ, ಎತ್ತು ಸಂತೆಗೆ ಹೋಗುವ ಮುನ್ನ, ಉಳುವವನಿಗೂ ಕೂಲಿಯವನಿಗೂ ಮೊದಲ ಕಂತಿನ ಹಣವನ್ನು ಮುಟ್ಟಿಸಬೇಕೆಂದು ಸರ್ಕಾರವನ್ನು ಕೇಳಿಕೊಳ್ಳುತ್ತೇನೆ.