ಉಷ್ಣಮಾದರಿಯ ಸಿದ್ಧಿ ಮತ್ತು ಮಿತಿ

ಹೊಸಕೋಟೆಯ ಕೇಂದ್ರದಿಂದ ಹಾನ್ಲೆಯ ದೂರದರ್ಶಕವನ್ನು ನಡೆಸುವ ಖಗೋಳಜ್ಞರು ನಕ್ಷತ್ರಗಳ ವರ್ಣಪಟಲದಿಂದ ಅವುಗಳ ಉಷ್ಣತೆಯನ್ನು ತಿಳಿಯಬಲ್ಲರು. ಅದಕ್ಕೆ ತಳಹದಿ ಮೇಘನಾದ ಸಾಹಾ ಅವರ 1920ರ ಸಮೀಕರಣ. ಉಷ್ಣಮಾದರಿಯು ಇಂಥದೇ ತರ್ಕವನ್ನು ಸೀಸದ ಪರಮಾಣುಬೀಜಗಳ ಸಂಘಟ್ಟನೆಗೆ ಅನ್ವಯಿಸಿ, ಹುಟ್ಟಿದ ಕಣಗಳ ಪ್ರಮಾಣಗಳಿಂದ ಉಷ್ಣತೆಯನ್ನು ನಿರ್ಣಯಿಸುತ್ತದೆ. ಸರ್ನ್‌ನ ಅಳತೆಗಳಲ್ಲಿ ಪಯಾನ್, ಕೇಆನ್, ಪ್ರೋಟಾನ್ ಮೊದಲಾದವುಗಳ ಎಣಿಕೆಗೆ ಸುಮಾರು 156 ಮೆಗಾ ಎಲೆಕ್ಟ್ರಾನ್‌ವೋಲ್ಟ್ ಎಂಬ ಒಂದೇ ಉಷ್ಣತೆ ಬಹುಮಟ್ಟಿಗೆ ಹೊಂದುತ್ತದೆ. ಈ ಸಿದ್ಧಿ ಸಾಮಾನ್ಯವಾದುದಲ್ಲ.

ಆದರೆ ಅದೇ ಮಾನದಲ್ಲಿ ಕೇವಲ 2.2ರಷ್ಟು ಬಂಧನಶಕ್ತಿಯುಳ್ಳ ಡ್ಯೂಟೆರಾನ್ ಸಹ ಈ ಲೆಕ್ಕಕ್ಕೆ ಒಗ್ಗುತ್ತದೆ. ಕುಲುಮೆಯಲ್ಲಿ ಬೆಣ್ಣೆಯುಂಡೆ ಉಳಿದುದೆಂತು? ಎಲೆಕ್ಟ್ರಾನ್-ಪಾಸಿಟ್ರಾನ್ ಸಂಘಟ್ಟನೆಯಲ್ಲಿ ಕಣಗಳು ಪರಸ್ಪರ ತಾಗಿ ಸಮತೋಲಕ್ಕೆ ಬರುವಷ್ಟು ಎಡೆಯಿಲ್ಲ. ಅಲ್ಲಿಯೂ ಸರಿಸುಮಾರು ಅದೇ ಉಷ್ಣತೆ ದೊರೆಯುತ್ತದೆ. ಆದುದರಿಂದ ಎಣಿಕೆಯ ಹೊಂದಾಣಿಕೆಯೊಂದೇ ಉಷ್ಣಸಮತೋಲಕ್ಕೆ ಸಾಕ್ಷಿಯಾಗದೆಂಬುದು ನಮ್ಮ ಅಭಿಪ್ರಾಯ. ಮಾದರಿಯು ಫಲವನ್ನು ತಿಳಿಸುತ್ತದೆ. ಫಲಕ್ಕೆ ಬಂದ ದಾರಿಯನ್ನು ತಿಳಿಸದು.