ಅವರಿಬ್ಬರೇ ಮಾತಾಡಿಕೊಳ್ಳಲಿ ಎಂಬ ವಾದ

ಇಸ್ರೇಲ್–ಪ್ಯಾಲೆಸ್ಟೀನ್ ವಿಷಯ ಎದ್ದಾಗಲೆಲ್ಲ ಎರಡು ಮಾತು ಕೇಳಿಬರುತ್ತವೆ. ಅದು ಸಾವಿರಾರು ವರ್ಷಗಳ ದ್ವೇಷ, ಯಾರಿಂದಲೂ ಬಗೆಹರಿಯದು ಎನ್ನುವುದು ಒಂದು. ಇದಕ್ಕೆ ದೀರ್ಘ ಉತ್ತರ ಬೇಕಿಲ್ಲ. ಇದು ನೂರು ಚಿಲ್ಲರೆ ವರ್ಷಗಳ ಜಗಳ, ಮುಖ್ಯವಾಗಿ ನೆಲದ ಜಗಳ. ಅದರ ಪ್ರತಿ ಘಟ್ಟಕ್ಕೂ ತಾರೀಖಿದೆ, ಸಹಿ ಹಾಕಿದವರ ಹೆಸರಿದೆ. ಎರಡನೆಯ ಮಾತು ಹೆಚ್ಚು ಸಭ್ಯವಾದದ್ದು, ಹಾಗಾಗಿಯೇ ಹೆಚ್ಚು ಹಾನಿ ಮಾಡಿದ್ದು: ಇಬ್ಬರೂ ನೇರವಾಗಿ ಕೂತು ಮಾತಾಡಬೇಕು, ಹೊರಗಿನವರು ಅವರನ್ನು ಒಂದೆಡೆ ಸೇರಿಸಿ ಪಕ್ಕಕ್ಕೆ ಸರಿಯಬೇಕು. ವಿದೇಶಾಂಗ ಇಲಾಖೆಗಳ ಹೇಳಿಕೆಗಳಲ್ಲಿ ‘ನೇರ ಮಾತುಕತೆ’ ಎಂಬ ಪದ ದಶಕಗಳಿಂದ ಜಪದಂತೆ ಬರುತ್ತಿದೆ. ನಮ್ಮ ದೆಹಲಿಯೂ ಅದಕ್ಕೆ ಹೊರತಲ್ಲ. ಈ ನಂಬಿಕೆ ತಪ್ಪು. ಆ ನೆಲದಲ್ಲಿ ಇದುವರೆಗೆ ಉಳಿದುಕೊಂಡ ಶಾಂತಿಯನ್ನು ನೋಡಿದರೂ, ಮುರಿದುಬಿದ್ದ ಶಾಂತಿಯನ್ನು ನೋಡಿದರೂ ಅದು ತಪ್ಪೆಂದೇ ಕಾಣುತ್ತದೆ.

1978ರ ಸೆಪ್ಟೆಂಬರ್‌ನಲ್ಲಿ ಕ್ಯಾಂಪ್ ಡೇವಿಡ್‌ನಲ್ಲಿ ಹದಿಮೂರು ದಿನ ನಡೆದದ್ದನ್ನು ನಾವು ಈಜಿಪ್ಟ್ ಅಧ್ಯಕ್ಷ ಸಾದಾತ್ ಮತ್ತು ಇಸ್ರೇಲ್ ಪ್ರಧಾನಿ ಬೆಗಿನ್ ಅವರ ಧೈರ್ಯದ ಕಥೆಯಾಗಿ ಓದಿಕೊಂಡಿದ್ದೇವೆ. ಧೈರ್ಯವೇನೋ ಇತ್ತು. ಆದರೆ ಮೊದಲ ಕೆಲವು ದಿನಗಳಲ್ಲೇ ಆ ಇಬ್ಬರನ್ನು ಎದುರುಬದುರು ಕೂರಿಸಿದರೆ ಕೆಲಸ ಕೆಡುತ್ತದೆ ಎಂಬುದು ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್‌ಗೆ ಗೊತ್ತಾಯಿತು. ಆಮೇಲೆ ಬಹುಪಾಲು ನಡೆದದ್ದು ನೇರ ಮಾತುಕತೆಯಲ್ಲ. ಅಮೆರಿಕದ ತಂಡವೇ ಒಂದು ಕರಡು ಬರೆದು ಈ ಕುಟೀರಕ್ಕೂ ಆ ಕುಟೀರಕ್ಕೂ ಒಯ್ಯುತ್ತ, ತಿದ್ದುತ್ತ ಹೋಯಿತು. ಇಪ್ಪತ್ತಕ್ಕೂ ಹೆಚ್ಚು ಬಾರಿ ಅದು ಹೊಸದಾಗಿ ಬರೆಯಲ್ಪಟ್ಟಿತು. ಸಾದಾತ್ ಗಂಟುಮೂಟೆ ಕಟ್ಟಿದಾಗ ತಡೆದು ನಿಲ್ಲಿಸಿದ್ದು ಕಾರ್ಟರ್. ಈಜಿಪ್ಟ್‌ನ ಸಿನಾಯ್‌ನಲ್ಲಿ ಇಸ್ರೇಲ್ ಬಿಟ್ಟುಕೊಟ್ಟ ವಾಯುನೆಲೆಗಳಿಗೆ ಬದಲಾಗಿ ನೆಗೆವ್ ಮರುಭೂಮಿಯಲ್ಲಿ ಹೊಸವನ್ನು ಕಟ್ಟಿಕೊಟ್ಟದ್ದು ಅಮೆರಿಕ. ಇಸ್ರೇಲ್‌ಗೆ ತೈಲದ ಕೊರತೆ ಬಾರದಂತೆ ಲಿಖಿತ ಭರವಸೆ ಕೊಟ್ಟದ್ದೂ ಅದೇ. ಕಾವಲಿಗೆ ವಿಶ್ವಸಂಸ್ಥೆಯ ಪಡೆ ಸಿಗದೆ ಹೋದಾಗ ಬೇರೆಯೇ ಒಂದು ಬಹುರಾಷ್ಟ್ರೀಯ ಪಡೆ ಕಟ್ಟಲಾಯಿತು. 1982ರಿಂದ ಅದು ಸಿನಾಯ್‌ನಲ್ಲಿದೆ. ಇಸ್ರೇಲ್ ತಾನೇ ಕಟ್ಟಿದ ಯಾಮಿತ್ ಪಟ್ಟಣವನ್ನು ತಾನೇ ತೆರವು ಮಾಡಿತು. ಅಲ್ಲಿಯವರೆಗೆ ನಾಲ್ಕು ದೊಡ್ಡ ಯುದ್ಧ ಮಾಡಿದ್ದ ಎರಡು ದೇಶಗಳು 1979ರ ನಂತರ ಒಂದೂ ಮಾಡಿಲ್ಲ.

ಕ್ಯಾಂಪ್ ಡೇವಿಡ್ ಮಾತುಕತೆ ಮುಗಿದ ದಿನ ಈ ಒಪ್ಪಂದದ ಜೊತೆಗೆ ಇನ್ನೊಂದು ದಸ್ತಾವೇಜಿಗೂ ಸಹಿ ಬಿತ್ತು. ಅದು ವೆಸ್ಟ್ ಬ್ಯಾಂಕ್ ಮತ್ತು ಗಾಜಾಗೆ ಸಂಬಂಧಿಸಿದ್ದು. ಪ್ಯಾಲೆಸ್ಟೀನಿಯರ ಪರವಾಗಿ ಅಲ್ಲಿ ಯಾರೂ ಇರಲಿಲ್ಲ. ಸ್ವಯಂ ಆಡಳಿತವನ್ನು ಮುಂದೆ ಮಾತಾಡಿ ತೀರ್ಮಾನಿಸಬೇಕೆಂದು ಬರೆದರು. ಆ ನೆಲದಲ್ಲಿ ಇಸ್ರೇಲಿ ವಸಾಹತು ಕಟ್ಟುವುದನ್ನು ಎಷ್ಟು ಕಾಲ ನಿಲ್ಲಿಸಬೇಕು ಎಂಬುದರ ಮೇಲೆ ಬೆಗಿನ್ ಮೂರು ತಿಂಗಳು ಅಂದರು; ಮಾತುಕತೆ ಮುಗಿಯುವವರೆಗೆ ಎಂದು ಒಪ್ಪಿದ್ದರು ಅಂದರು ಕಾರ್ಟರ್. ಆ ತಕರಾರು ಎಂದೂ ತೀರಲಿಲ್ಲ, ಕಟ್ಟುವುದೂ ನಿಲ್ಲಲಿಲ್ಲ. ಮಾತಾಡಿದವರು ಅವರೇ, ಸ್ಥಳವೂ ಅದೇ. ಒಂದು ಕಾಗದಕ್ಕೆ ಗಡುವು, ಹಣ, ಕಾವಲು ಎಲ್ಲವೂ ಸಿಕ್ಕಿತು. ಇನ್ನೊಂದಕ್ಕೆ ಸಿಕ್ಕಿದ್ದು ಸದುದ್ದೇಶ ಮಾತ್ರ. ದ್ವೇಷವೇ ಕಾರಣವಾಗಿದ್ದರೆ ಎರಡೂ ಒಟ್ಟಿಗೆ ಸಾಯಬೇಕಿತ್ತು.

1993ರ ಓಸ್ಲೋ ಒಪ್ಪಂದ ಆ ಎರಡನೆಯ ಕಾಗದದ ವಾರಸುದಾರ. ಅದಕ್ಕೆ ಮುಂಚೆ ಒಂದು ಸಣ್ಣ ಅವಧಿಯಲ್ಲಿ ಬೇರೆ ದಾರಿ ಕಂಡಿತ್ತು. 1991ರಲ್ಲಿ ಇಸ್ರೇಲ್ 1000 ಕೋಟಿ ಡಾಲರ್ ಸಾಲಕ್ಕೆ ಅಮೆರಿಕದ ಖಾತರಿ ಕೇಳಿದಾಗ, ಹಿರಿಯ ಜಾರ್ಜ್ ಬುಷ್ ಮತ್ತು ವಿದೇಶಾಂಗ ಕಾರ್ಯದರ್ಶಿ ಜೇಮ್ಸ್ ಬೇಕರ್ ಅದನ್ನು ತಡೆಹಿಡಿದು ವಸಾಹತು ನಿಲ್ಲಿಸುವ ಷರತ್ತಿಗೆ ಜೋಡಿಸಿದರು. ಪ್ರಧಾನಿ ಶಮೀರ್ ಬಗ್ಗಲಿಲ್ಲ. 1992ರ ಜೂನ್ ಚುನಾವಣೆಯಲ್ಲಿ ಸೋತರು. ವಾಷಿಂಗ್ಟನ್ ಜೊತೆಗೆ ಕೆಟ್ಟ ಸಂಬಂಧ ಆ ಚುನಾವಣೆಯ ವಿಷಯಗಳಲ್ಲೊಂದಾಗಿತ್ತು. ಗೆದ್ದವರು ಇತ್ಸಾಕ್ ರಾಬಿನ್.

ನಂತರ 1993ರಲ್ಲಿ ನಾರ್ವೆಯ ಗುಪ್ತ ಮಾತುಕತೆ ಬಂತು, ‘ನೇರ ಮಾತುಕತೆ’ಯ ಅತ್ಯಂತ ಶುದ್ಧ ಪ್ರಯೋಗ. ನಾರ್ವೆಯವರು ಮನೆ ಕೊಟ್ಟರು, ಊಟ ಕೊಟ್ಟರು, ಉಳಿದದ್ದನ್ನು ಅವರಿಬ್ಬರಿಗೇ ಬಿಟ್ಟರು. ಬಲದಲ್ಲಿ ಅಷ್ಟು ಅಂತರವಿರುವ ಇಬ್ಬರನ್ನು ಒಂಟಿಯಾಗಿ ಬಿಟ್ಟಾಗ ಏನಾಗಬಹುದೋ ಅದೇ ಆಯಿತು. ಪ್ಯಾಲೆಸ್ಟೀನ್ ವಿಮೋಚನಾ ಸಂಘಟನೆ (ಪಿಎಲ್‌ಒ) ಇಸ್ರೇಲ್ ದೇಶವನ್ನು, ಅದರ ಬದುಕುವ ಹಕ್ಕನ್ನು ಮಾನ್ಯ ಮಾಡಿತು. ರಾಬಿನ್ ಪತ್ರ ಮಾನ್ಯ ಮಾಡಿದ್ದು ಪಿಎಲ್‌ಒವನ್ನು ಪ್ಯಾಲೆಸ್ಟೀನಿಯರ ಪ್ರತಿನಿಧಿಯೆಂದು ಮಾತ್ರ. ಜೆರುಸಲೇಂ, ನಿರಾಶ್ರಿತರು, ಗಡಿ, ವಸಾಹತು ಎಲ್ಲವೂ ಮುಂದಕ್ಕೆ ಹೋದವು. ವಸಾಹತು ನಿಲ್ಲಿಸಬೇಕೆಂಬ ಒಂದು ಸಾಲೂ ಇರಲಿಲ್ಲ. ಅದೇ ಹೊತ್ತಿಗೆ ಬಹಿರಂಗವಾಗಿ ನಡೆಯುತ್ತಿದ್ದ ವಾಷಿಂಗ್ಟನ್ ಮಾತುಕತೆಗಳಲ್ಲಿ ಪ್ಯಾಲೆಸ್ಟೀನಿ ತಂಡದ ನಾಯಕರಾಗಿದ್ದ ಗಾಜಾದ ವೈದ್ಯ ಹೈದರ್ ಅಬ್ದೆಲ್ ಶಾಫಿ ಆ ಬೇಡಿಕೆಯೊಂದನ್ನು ಬಿಟ್ಟುಕೊಡಲು ತಯಾರಿರಲಿಲ್ಲ. ಅವರ ಬೆನ್ನ ಹಿಂದೆ ಪಿಎಲ್‌ಒ ನಾಯಕ ಅರಾಫತ್ ಬಿಟ್ಟುಕೊಟ್ಟರು. ಕೊಲ್ಲಿ ಯುದ್ಧದಲ್ಲಿ ಸದ್ದಾಂ ಪಕ್ಷ ಹಿಡಿದು ಹಣ, ನೆಂಟರು ಎರಡನ್ನೂ ಕಳೆದುಕೊಂಡು ಟ್ಯೂನಿಸ್‌ನಲ್ಲಿ ಕೂತಿದ್ದ ಅವರಿಗೆ ಹಿಂದಿರುಗುವ ಆತುರವಿತ್ತು. ಈ ತಪ್ಪಿನಲ್ಲಿ ಅವರ ಪಾಲು ಸಣ್ಣದಲ್ಲ.

ನಮ್ಮಲ್ಲಿ ಜಮೀನಿನ ವ್ಯಾಜ್ಯ ಕೋರ್ಟು ಹತ್ತಿದರೆ ವಕೀಲರು ಮೊದಲು ಕೇಳುವುದು ಯಥಾಸ್ಥಿತಿ ಆದೇಶವನ್ನು. ತೀರ್ಪು ಬರುವಷ್ಟರಲ್ಲಿ ಒಬ್ಬ ಅಲ್ಲಿ ಮನೆ ಕಟ್ಟಿ ಮುಗಿಸಿಬಿಟ್ಟರೆ ತೀರ್ಪಿಗೆ ಅರ್ಥವಿರುವುದಿಲ್ಲ. ಓಸ್ಲೋದಲ್ಲಿ ಆ ಆದೇಶವಿರಲಿಲ್ಲ, ಅದನ್ನು ಕೊಡುವ ಪೀಠವೂ ಇರಲಿಲ್ಲ. ಭಿನ್ನಾಭಿಪ್ರಾಯ ಬಂದರೆ ಪಂಚಾಯ್ತಿಗೆ ಒಪ್ಪಿಸಬಹುದು, ಆದರೆ ಇಬ್ಬರೂ ಒಪ್ಪಿದರೆ ಮಾತ್ರ ಎಂದು ಒಪ್ಪಂದದ ಹದಿನೈದನೆಯ ಕಲಮು ಹೇಳುತ್ತಿತ್ತು. ಸಹಿಯಾದಾಗ ಪೂರ್ವ ಜೆರುಸಲೇಂ ಬಿಟ್ಟು ವೆಸ್ಟ್ ಬ್ಯಾಂಕ್‌ನಲ್ಲಿ ಸುಮಾರು 1.1 ಲಕ್ಷ ಇಸ್ರೇಲಿ ವಸಾಹತುಗಾರರಿದ್ದರು. 2000ದ ಹೊತ್ತಿಗೆ ಅವರ ಸಂಖ್ಯೆ 2 ಲಕ್ಷದ ಸಮೀಪ ಬಂದಿತ್ತು. ಇಂದು 5 ಲಕ್ಷ ದಾಟಿದೆ.

ಓಸ್ಲೋವನ್ನು ಕೊಂದದ್ದು ಉಗ್ರರು ಎನ್ನುವವರ ಮಾತಿನಲ್ಲಿ ಸತ್ಯವಿದೆ, ಅದನ್ನು ನಾನು ಹಗುರ ಮಾಡುವುದಿಲ್ಲ. 1994ರ ಫೆಬ್ರವರಿಯಲ್ಲಿ ಹೆಬ್ರಾನ್‌ನ ಇಬ್ರಾಹಿಮಿ ಮಸೀದಿಯಲ್ಲಿ ಯಹೂದಿ ವಸಾಹತುಗಾರ ಬರೂಖ್ ಗೋಲ್ಡ್‌ಸ್ಟೈನ್ ನಮಾಜು ಮಾಡುತ್ತಿದ್ದ 29 ಜನರನ್ನು ಕೊಂದ. ಏಪ್ರಿಲ್‌ನಿಂದ ಹಮಾಸ್ ಬಸ್ಸುಗಳಲ್ಲಿ ಬಾಂಬ್ ಸಿಡಿಸತೊಡಗಿತು. 1995ರ ನವೆಂಬರ್ 4ರಂದು ಯಿಗಾಲ್ ಅಮೀರ್ ಎಂಬ ಯಹೂದಿ ರಾಬಿನ್‌ರನ್ನೇ ಗುಂಡಿಟ್ಟು ಕೊಂದ. ಆದರೆ ಉಗ್ರರು ಎಲ್ಲ ಒಪ್ಪಂದಗಳಿಗೂ ಶತ್ರುಗಳೇ. ಸಾದಾತ್‌ರನ್ನು ಕೊಂದವರೂ ಅಂಥವರೇ. ಸಾದಾತ್ ಸತ್ತ ಮೇಲೂ ಅವರ ಒಪ್ಪಂದ ಉಳಿಯಿತು, ಆರು ತಿಂಗಳ ಬಳಿಕ ಸಿನಾಯ್ ಬಹುತೇಕ ಪೂರ್ತಿ ಈಜಿಪ್ಟ್ ಕೈಸೇರಿತು. ರಾಬಿನ್ ಸತ್ತ ಮೇಲೆ ಅವರ ಒಪ್ಪಂದ ಉಳಿಯಲಿಲ್ಲ. ಯಾರು ಗುಂಡು ಹಾರಿಸಿದರು ಎಂಬುದಕ್ಕಿಂತ, ಆ ಗುಂಡು ತಾಕಿದ ಕಟ್ಟಡದ ತಳಪಾಯ ಹೇಗಿತ್ತು ಎಂಬುದನ್ನು ಕೇಳಬೇಕು.

ಕಾವಲಿನ ವಿಷಯದಲ್ಲೂ ಇದೇ ಪಾಠ. 1956ರ ಸುಯೆಜ್ ಯುದ್ಧದ ನಂತರ ಗಾಜಾ ಮತ್ತು ಸಿನಾಯ್ ಗಡಿಯಲ್ಲಿ ನಿಂತ ವಿಶ್ವಸಂಸ್ಥೆಯ ತುರ್ತುಪಡೆಯಲ್ಲಿ ಭಾರತದ ಸೈನಿಕರೂ ಇದ್ದರು. ಹತ್ತು ವರ್ಷ ಆ ಗಡಿ ಬಹುತೇಕ ಶಾಂತವಾಗಿತ್ತು. ಇಸ್ರೇಲ್ ತನ್ನ ಕಡೆ ಆ ಪಡೆಗೆ ಜಾಗ ಕೊಟ್ಟಿರಲಿಲ್ಲ. ಹಾಗಾಗಿ 1967ರ ಮೇ ತಿಂಗಳಲ್ಲಿ ಈಜಿಪ್ಟ್ ಅಧ್ಯಕ್ಷ ನಾಸರ್ ಹೊರಡಿ ಅಂದಾಗ ಅದು ಹೊರಡಲೇಬೇಕಾಯಿತು. ಜೂನ್ 5ರಂದು ಯುದ್ಧ. ಇನ್ನೂ ಹೊರಡದೆ ಉಳಿದಿದ್ದ ಭಾರತೀಯ ಸೈನಿಕರಲ್ಲಿ ಕೆಲವರು ಗಾಜಾದಲ್ಲೇ ಪ್ರಾಣ ಬಿಟ್ಟರು. ಹೆಬ್ರಾನ್ ಹತ್ಯಾಕಾಂಡದ ನಂತರ ಬಂದ ಅಂತರರಾಷ್ಟ್ರೀಯ ವೀಕ್ಷಕರ ಕೈಯಲ್ಲಿ ಆಯುಧವಿರಲಿಲ್ಲ, ಮಧ್ಯೆ ಪ್ರವೇಶಿಸುವ ಅಧಿಕಾರವಿರಲಿಲ್ಲ, ಅವರ ವರದಿಗಳನ್ನು ಬಹಿರಂಗಪಡಿಸುತ್ತಿರಲಿಲ್ಲ. 2019ರಲ್ಲಿ ಇಸ್ರೇಲ್ ಪ್ರಧಾನಿ ನೆತನ್ಯಾಹು ಅವಧಿ ವಿಸ್ತರಿಸಲು ಒಪ್ಪದಿದ್ದಾಗ ಅವರೂ ಮನೆಗೆ ಹೋದರು. ಯಾರ ಮೇಲೆ ಕಣ್ಣಿಡಬೇಕೋ ಅವರೇ ಕಳಿಸಿಬಿಡಬಹುದಾದ ಕಾವಲುಗಾರನನ್ನು ನಂಬಿ ಯಾವ ತಾಯಿ ಮಗುವನ್ನು ಶಾಲೆಗೆ ಕಳಿಸಿಯಾಳು?

ಈ ವಾದಕ್ಕೆ ಗಟ್ಟಿಯಾದ ಆಕ್ಷೇಪಣೆಗಳಿವೆ. ಸಿನಾಯ್ ಬಹುಪಾಲು ಬರಿದಾದ ಮರುಭೂಮಿ, ವೆಸ್ಟ್ ಬ್ಯಾಂಕ್ ಹಾಗಲ್ಲ. ಈಜಿಪ್ಟ್‌ಗೆ ಒಂದು ಸರ್ಕಾರವಿತ್ತು. ಪ್ಯಾಲೆಸ್ಟೀನಿಯರಲ್ಲಿ 2007ರಿಂದ ಗಾಜಾದ ಹಮಾಸ್ ಒಂದು ಕಡೆ, ರಮಲ್ಲಾದ ಪ್ಯಾಲೆಸ್ಟೀನ್ ಪ್ರಾಧಿಕಾರ ಒಂದು ಕಡೆ, 2006ರ ನಂತರ ಸಂಸತ್ ಚುನಾವಣೆಯೇ ನಡೆದಿಲ್ಲ. ಹೊರಗಿನವನು ನಿಷ್ಪಕ್ಷಪಾತಿ ಎಂದು ನಂಬುವುದು ಹೇಗೆ ಎಂಬ ಪ್ರಶ್ನೆಯೂ ಇದೆ. 2000ದ ಕ್ಯಾಂಪ್ ಡೇವಿಡ್ ಮಾತುಕತೆಯಲ್ಲಿ ಅಮೆರಿಕದ ತಂಡದಲ್ಲಿದ್ದ ಆರನ್ ಡೇವಿಡ್ ಮಿಲ್ಲರ್, ತಾವು ಇಸ್ರೇಲಿನ ವಕೀಲರಂತೆ ನಡೆದುಕೊಂಡೆವೆಂದು 2005ರಲ್ಲಿ ಬರೆದರು. ಈ ಆಕ್ಷೇಪಣೆಗಳನ್ನೆಲ್ಲ ಒಪ್ಪುತ್ತೇನೆ. ಆದರೆ ಇವು ಹೆಚ್ಚು ಜನ, ಹೆಚ್ಚು ದೇಶಗಳು ಹೊಣೆ ಹೊರಬೇಕು ಎನ್ನುವುದಕ್ಕೆ ಕಾರಣಗಳು. ದುರ್ಬಲನನ್ನು ಬಲಿಷ್ಠನೊಡನೆ ಒಂದೇ ಕೋಣೆಯಲ್ಲಿ ಬಿಟ್ಟು ಬಾಗಿಲು ಎಳೆದುಕೊಳ್ಳಲು ಕಾರಣಗಳಲ್ಲ.

2023ರ ಅಕ್ಟೋಬರ್ 7ರಂದು ಹಮಾಸ್ ಸುಮಾರು 1200 ಜನರನ್ನು ಕೊಂದು 251 ಜನರನ್ನು ಒತ್ತೆಯಾಳಾಗಿ ಎಳೆದೊಯ್ದಿತು. ನಂತರ ಇಸ್ರೇಲ್ ನಡೆಸಿದ ಯುದ್ಧದ ಎರಡು ವರ್ಷಗಳಲ್ಲಿ ಗಾಜಾದಲ್ಲಿ ಸತ್ತವರು 60,000 ಮೀರಿದರೆಂದು ಅಲ್ಲಿನ ಆರೋಗ್ಯ ಇಲಾಖೆಯ ಲೆಕ್ಕ. 2025ರ ಅಕ್ಟೋಬರ್‌ನ ಕದನವಿರಾಮ ಬಂದದ್ದು ಆ ಇಬ್ಬರ ಮನಸ್ಸು ಕರಗಿದ್ದರಿಂದಲ್ಲ. ಸೆಪ್ಟೆಂಬರ್ 9ರಂದು ಇಸ್ರೇಲ್ ಕತಾರ್ ರಾಜಧಾನಿ ದೋಹಾ ಮೇಲೆ ದಾಳಿ ಮಾಡಿದ ಮೇಲೆ ವಾಷಿಂಗ್ಟನ್ ನೆತನ್ಯಾಹು ಮೇಲೆ, ಕತಾರ್, ಈಜಿಪ್ಟ್, ಟರ್ಕಿಗಳು ಹಮಾಸ್ ಮೇಲೆ ಒತ್ತಡ ಹಾಕಿದವು. ಬದುಕುಳಿದಿದ್ದ 20 ಒತ್ತೆಯಾಳುಗಳು ದಿನಗಳಲ್ಲೇ ಮನೆ ಸೇರಿದರು. ಒತ್ತಡ ಮೊದಲೇ ಬಂದಿದ್ದರೆ ಎಷ್ಟು ಮಕ್ಕಳು ಬದುಕಿರುತ್ತಿದ್ದರು ಎಂಬ ಯೋಚನೆ ನನ್ನನ್ನು ಬಿಡುವುದಿಲ್ಲ. ನವೆಂಬರ್ 17ರ ಭದ್ರತಾ ಮಂಡಳಿಯ 2803ನೆಯ ನಿರ್ಣಯ ಗಾಜಾಗೆ ಅಂತರರಾಷ್ಟ್ರೀಯ ಪಡೆಯೊಂದನ್ನು ಒಪ್ಪಿತು. ವೆಸ್ಟ್ ಬ್ಯಾಂಕ್‌ನ ವಸಾಹತುಗಳಿಗೆ ಅದು ಯಾವ ಕಟ್ಟುಪಾಡನ್ನೂ ಹಾಕಲಿಲ್ಲ. 1978ರ ಎರಡನೆಯ ಕಾಗದ ಈಗಲೂ ಹಾಗೆಯೇ ಉಳಿದಿದೆ.

2025ರ ಸೆಪ್ಟೆಂಬರ್ 12ರಂದು ವಿಶ್ವಸಂಸ್ಥೆಯ ಮಹಾಸಭೆ ನ್ಯೂಯಾರ್ಕ್ ಘೋಷಣೆಗೆ ಮತ ಹಾಕಿತು. ಪರವಾಗಿ ಬಂದ 142 ಮತಗಳಲ್ಲಿ ಭಾರತದ್ದೂ ಒಂದು. ಆ ಘೋಷಣೆ ಹಮಾಸ್ ದಾಳಿಯನ್ನು ಖಂಡಿಸುತ್ತದೆ, ವಸಾಹತು ಕಟ್ಟುವುದನ್ನು ಕೂಡಲೇ ನಿಲ್ಲಿಸಬೇಕೆನ್ನುತ್ತದೆ, ಅಂತರರಾಷ್ಟ್ರೀಯ ಪಡೆಯ ಮಾತೂ ಆಡುತ್ತದೆ. ಇದಕ್ಕೆ ಕೈಯೆತ್ತಿದ ಮೇಲೆ ದೆಹಲಿ ಮತ್ತೆ ‘ನೇರ ಮಾತುಕತೆ’ ಎಂಬ ಹಳೆಯ ಹೇಳಿಕೆಗೆ ಮರಳುವುದು ಸಲ್ಲದು. ಕಟ್ಟುವುದನ್ನು ನಿಲ್ಲಿಸದಿದ್ದರೆ ಏನು ಮಾಡುತ್ತೇವೆ, ಹಮಾಸ್ ಆಯುಧ ಕೆಳಗಿಡದಿದ್ದರೆ ಏನು ಮಾಡುತ್ತೇವೆ, ಕಾವಲಿಗೆ ನಮ್ಮ ಸೈನಿಕರನ್ನು ಯಾವ ಅಧಿಕಾರ ಕೊಟ್ಟರೆ ಕಳಿಸುತ್ತೇವೆ ಎಂಬುದನ್ನು ಅದು ಈಗ ಬರೆದು ಹೇಳಬೇಕು. ಗಾಜಾ ಗಡಿಯಲ್ಲಿ ಹತ್ತು ವರ್ಷ ನಿಂತ ದೇಶವೊಂದರಿಂದ ಅಷ್ಟನ್ನು ಕೇಳುವ ಹಕ್ಕು ಅಲ್ಲಿನ ಎರಡೂ ಕಡೆಯ ಜನಕ್ಕಿದೆ.