ಹೆಸರು ಕಳೆದುಕೊಂಡ ದರವೇಶಿ

ಎರಡು ಸಭೆಗಳು ಏಕಕಾಲಕ್ಕೆ ನಡೆಯುತ್ತಿವೆ. ಒಂದು ಸಭೆ, ಭೂಮಿಯ ಕಕ್ಷೆಯಲ್ಲಿ ಕಾವಲು ನಿಂತ ಕೈರೋ ಎಂಬ ಬಾಹ್ಯಾಕಾಶ ನಿಲ್ದಾಣದಲ್ಲಿ. ಅಲ್ಲಿ ಹಸಿರು ಕವಚದ ಯೋಧನೊಬ್ಬನಿಗೆ ಚಪ್ಪಾಳೆಗಳ ನಡುವೆ ಗೌರವ ಸಲ್ಲುತ್ತಿದೆ. ಇನ್ನೊಂದು, ಶತ್ರುಗಳ ರಾಜಧಾನಿಯಲ್ಲಿ. ಆ ಯೋಧನ ಕೈಯಲ್ಲಿ ಸೋತ ಸೇನಾಧಿಪತಿಯ ಕವಚ ಕಳಚಿ, ನೆರೆದ ಜನರ ಕೂಗಿನ ನಡುವೆ ಅವನ ಎದೆಗೆ ಬರೆ ಹಾಕಲಾಗುತ್ತಿದೆ. ಒಂದೇ ಘಟನೆ ಒಂದು ಕಡೆ ಪದಕವಾಗುತ್ತದೆ, ಇನ್ನೊಂದು ಕಡೆ ಬರೆಯಾಗುತ್ತದೆ. ‘ಹೇಲೋ 2’ ಎಂಬ ವಿಡಿಯೋ ಆಟ ಆರಂಭವಾಗುವುದು ಹೀಗೆ. ಬಂಜೀ ಎಂಬ ಸಂಸ್ಥೆ ರೂಪಿಸಿದ ಇದನ್ನು ಮೈಕ್ರೋಸಾಫ್ಟ್ ತನ್ನ ಎಕ್ಸ್‌ಬಾಕ್ಸ್ ಯಂತ್ರಕ್ಕಾಗಿ 2004ರ ನವೆಂಬರ್ 9ರಂದು ಬಿಡುಗಡೆ ಮಾಡಿತು.

ಬಂದೂಕು ಹಿಡಿದು ಆಡುವ ಆಟದ ಬಗ್ಗೆ ಇಂಥ ಪುಟಗಳಲ್ಲಿ ಬರೆಯುವುದು ಕೆಲವರಿಗೆ ಹೊತ್ತು ಕಳೆಯುವ ಕೆಲಸ ಅನ್ನಿಸಬಹುದು. ಆದರೆ ಬಿಡುಗಡೆಯಾದ ಮೊದಲ 24 ಗಂಟೆಗಳಲ್ಲಿ ಉತ್ತರ ಅಮೆರಿಕದಲ್ಲೇ ಇದರ ಸುಮಾರು 24 ಲಕ್ಷ ಪ್ರತಿಗಳು ಮಾರಾಟವಾಗಿ 12.5 ಕೋಟಿ ಡಾಲರ್ ಸಂಗ್ರಹವಾಯಿತು. ಇಷ್ಟು ಜನರ ಮನಸ್ಸನ್ನು ಒಂದೇ ದಿನದಲ್ಲಿ ತಲುಪುವ ಕಾದಂಬರಿ ಯಾವುದಿದೆ? ನಮ್ಮ ಮಕ್ಕಳ ತಲೆಯಲ್ಲಿ ‘ಶತ್ರು’ ಎಂಬ ಪದಕ್ಕೆ ಮುಖ ಕೊಡುವ ಕೆಲಸವನ್ನು ಇಂದು ಕತೆಗಾರರಿಗಿಂತ ಹೆಚ್ಚಾಗಿ ಇಂಥ ಆಟಗಳು ಮಾಡುತ್ತಿವೆ. ಹಾಗಿದ್ದ ಮೇಲೆ ಕತೆ ಬರೆಯುವ ನಾವು ಅದನ್ನು ನೋಡದೆ ಇರುವುದಾದರೂ ಹೇಗೆ?

2014ರಲ್ಲಿ ಈ ಆಟಕ್ಕೆ ಹೊಸ ಚಿತ್ರಗಳನ್ನು ತೊಡಿಸಿ ಮತ್ತೆ ಹೊರತಂದರು. 2020ರಲ್ಲಿ ಅದು ಕಂಪ್ಯೂಟರಿಗೂ ಬಂತು. ಮನೆಯ ಹುಡುಗನೊಬ್ಬನನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾವು ಇದನ್ನು ಮೊದಲಿನಿಂದ ಕೊನೆಯವರೆಗೆ ಆಡಿದೆವು. ಒಂದು ಗುಂಡಿ ಒತ್ತಿದರೆ ಹೊಸ ಚಿತ್ರ ಮಾಯವಾಗಿ 2004ರ ಹಳೆಯ ಚಿತ್ರ ಮೂಡುತ್ತದೆ. ನಾವು ಹೆಚ್ಚಾಗಿ ಹಳೆಯದರಲ್ಲೇ ಆಡಿದೆವು. ಒಂದು ಕೃತಿ ಕಾಲವನ್ನು ತಾಳಿಕೊಂಡಿದೆಯೇ ಎಂದು ಪರೀಕ್ಷಿಸುವವರು ಅದರ ಸುಕ್ಕುಗಳನ್ನೂ ನೋಡಬೇಕಲ್ಲ.

ಸುಕ್ಕುಗಳು ಧಾರಾಳವಾಗಿವೆ. ಉದ್ದನೆಯ ಓಣಿಗಳು, ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂಥ ಕೋಣೆಗಳು ಮತ್ತೆ ಮತ್ತೆ ಬರುತ್ತವೆ. ಅತಿ ಕಠಿಣ ಹಂತದಲ್ಲಿ ದೂರದಿಂದ ಗುರಿಯಿಡುವ ಶತ್ರುಗಳು ಒಂದೇ ಏಟಿಗೆ ಕೆಡವುವಾಗ ಆಟ ಕೌಶಲವನ್ನು ಕೇಳುತ್ತಿಲ್ಲ, ಬಾಯಿಪಾಠವನ್ನು ಕೇಳುತ್ತಿದೆ ಅನ್ನಿಸುತ್ತದೆ. ಕತೆಯಂತೂ ಮುಗಿಯುವುದೇ ಇಲ್ಲ. ಈ ಯುದ್ಧವನ್ನು ಮುಗಿಸುತ್ತೇನೆಂದು ನಾಯಕ ಹೇಳಿದ ಕೂಡಲೇ ಪರದೆ ಕಪ್ಪಾಗುತ್ತದೆ. ಸಮಯ ಸಾಲದೆ ಕೊನೆಯ ಭಾಗವನ್ನು ಕತ್ತರಿಸಬೇಕಾಯಿತೆಂದು ರೂಪಿಸಿದವರೇ ಆಮೇಲೆ ಒಪ್ಪಿಕೊಂಡರು. ಉಳಿದ ಕತೆಗಾಗಿ ಆಟಗಾರರು 2007ರ ಸೆಪ್ಟೆಂಬರಿನವರೆಗೆ ಕಾಯಬೇಕಾಯಿತು.

ಆದರೂ ಕೈಗೆ ಸಿಗುವ ಸುಖ ಮಾಸಿಲ್ಲ. ಎರಡು ಕೈಗಳಲ್ಲಿ ಎರಡು ಆಯುಧ, ಶತ್ರುವಿನ ವಾಹನಕ್ಕೆ ಹಾರಿ ಅವನನ್ನು ಕೆಳಗೆಸೆದು ತಾನೇ ಓಡಿಸುವುದು, ಇವೆಲ್ಲ ಇಂದಿಗೂ ಮೈ ಚುರುಕಾಗಿಸುತ್ತವೆ. ಮಾರ್ಟಿನ್ ಓಡಾನೆಲ್ ಮತ್ತು ಮೈಕೆಲ್ ಸಾಲ್ವಟೋರಿ ಅವರ ಸಂಗೀತ ಖಾಲಿ ಓಣಿಗಳಿಗೂ ಘನತೆ ತರುತ್ತದೆ. ಅಂತರ್ಜಾಲದಲ್ಲಿ ಅಪರಿಚಿತರನ್ನು ಕೌಶಲಕ್ಕೆ ತಕ್ಕಂತೆ ಜೋಡಿಸಿ ಆಡಿಸುವ ಪದ್ಧತಿಯನ್ನು ಮನೆಮನೆಗೆ ಒಯ್ದದ್ದರಲ್ಲಿ ಈ ಆಟದ ಪಾಲು ದೊಡ್ಡದು. 2010ರ ಏಪ್ರಿಲ್ 15ರಂದು ಹಳೆಯ ಎಕ್ಸ್‌ಬಾಕ್ಸ್‌ನ ಆ ಸೇವೆಯನ್ನು ನಿಲ್ಲಿಸಿದಾಗಲೂ ಬೆರಳೆಣಿಕೆಯ ಆಟಗಾರರು ಯಂತ್ರ ಆರಿಸದೆ ಮೇ ತಿಂಗಳವರೆಗೂ ಉಳಿದುಕೊಂಡರು.

ಆದರೆ ನಮ್ಮ ಮಟ್ಟಿಗೆ ಈ ಆಟ ಇಂದಿಗೂ ಜೀವಂತವಾಗಿರುವುದು ಬೇರೊಂದು ಕಾರಣಕ್ಕೆ. ವಿಚಿತ್ರವೆಂದರೆ ಅಂದು ಬಹಳಷ್ಟು ಆಟಗಾರರನ್ನು ಸಿಟ್ಟಿಗೆಬ್ಬಿಸಿದ್ದೂ ಅದೇ.

2001ರ ಮೊದಲ ‘ಹೇಲೋ’ದಲ್ಲಿ ಕತೆ ಸರಳ. ಕವನೆಂಟ್ ಎಂಬ ಅನ್ಯಗ್ರಹದ ಜೀವಿಗಳ ಧಾರ್ಮಿಕ ಒಕ್ಕೂಟ ಮನುಕುಲವನ್ನು ನಿರ್ನಾಮ ಮಾಡಲು ಹೊರಟಿದೆ. ಮಾಸ್ಟರ್ ಚೀಫ್ ಎಂಬ ಯೋಧ ಅವರನ್ನು ಕೊಲ್ಲುತ್ತಾ ಹೋಗುತ್ತಾನೆ. ಆ ಆಟದಲ್ಲಿ ಎಲೀಟ್ ಎಂಬ ಶತ್ರುಯೋಧರ ಬಾಯಿಂದ ಬರುವುದು ಅರ್ಥವಾಗದ ಗೊಗ್ಗರು ಸದ್ದು ಮಾತ್ರ. ಎರಡನೆಯದರಲ್ಲಿ ಅವರಿಗೆ ಮಾತು ಬಂತು. ಬರೆ ಹಾಕಿಸಿಕೊಂಡ ಸೇನಾಧಿಪತಿಗೆ ನಟ ಕೀತ್ ಡೇವಿಡ್ ಅವರ ಗಂಭೀರ ಧ್ವನಿ ಬಂತು. ಸಾಯುವುದಕ್ಕೆಂದೇ ಕಳಿಸುವ ಯೋಧನಿಗೆ ಕೊಡುವ ಆರ್ಬಿಟರ್ ಎಂಬ ಪದವಿ ಅವನಿಗೆ ದಕ್ಕಿತು. ಅಷ್ಟೇ ಅಲ್ಲ, ಕೆಲವು ಅಧ್ಯಾಯಗಳ ನಂತರ ನಾವು ಆಡುವುದೇ ಅವನಾಗಿ. ನಮ್ಮ ಪಕ್ಕದ ಹುಡುಗ ತಟ್ಟನೆ ಕೈ ನಿಲ್ಲಿಸಿ ಕೇಳಿದ: “ಈಗ ನಾವು ಶತ್ರುನಾ?”

ಹೌದು. ಆ ಕಡೆಯ ಶಿಬಿರಕ್ಕೆ ಹೋದಾಗ ಗೊತ್ತಾಗುವುದೇನೆಂದರೆ, ಇಷ್ಟು ಹೊತ್ತು ನಾವು ಹೆಮ್ಮೆಯಿಂದ ಆಡಿದ ನಾಯಕನಿಗೆ ಅವರು ಇಟ್ಟ ಹೆಸರು ಶೈತಾನ. ಆರು ಅಧ್ಯಾಯಗಳಲ್ಲಿ ಆರ್ಬಿಟರ್ ನಮ್ಮ ಕೈಯಲ್ಲಿರುತ್ತಾನೆ. ನಾವು ಮಾಸ್ಟರ್ ಚೀಫ್ ಆಗಲು ಹಣ ಕೊಟ್ಟಿದ್ದೇವೆ, ಈ ಪರಕೀಯನಾಗಲು ಅಲ್ಲ ಎಂದು ಅಂದಿನ ಅಭಿಮಾನಿಗಳು ಗೊಣಗಿದರು. ಆ ಗೊಣಗಾಟವೇ ಇದರ ಮಹತ್ವಕ್ಕೆ ಸಾಕ್ಷಿ. ಆಟ ಬಿಡುಗಡೆಯಾದ ವಾರವನ್ನು ನೆನಪಿಸಿಕೊಳ್ಳಿ. 2004ರ ನವೆಂಬರ್ 7ರಂದು ಇರಾಕಿನ ಫಲ್ಲೂಜಾ ನಗರದ ಮೇಲೆ ಅಮೆರಿಕದ ಪಡೆಗಳ ಎರಡನೆಯ ದಾಳಿ ಆರಂಭವಾಗಿತ್ತು. ಮಸೀದಿಗಳ ನಗರವೆಂದೇ ಹೆಸರಾದ ಊರಿನ ಬೀದಿಬೀದಿಯಲ್ಲಿ ಮರೀನ್‌ಗಳು ಕಾದಾಡುತ್ತಿದ್ದಾಗ, ಅದೇ ದೇಶದ ಪಡಸಾಲೆಗಳಲ್ಲಿ ಯುವಕರು ಧರ್ಮಯುದ್ಧ ಸಾರಿದ ಶತ್ರುವಿನ ಒಳಗೆ ಕುಳಿತು ಜಗತ್ತನ್ನು ನೋಡುತ್ತಿದ್ದರು.

ಈ ಸಾಮ್ಯ ಮೈಕ್ರೋಸಾಫ್ಟ್ ಕಣ್ಣಿಗೂ ಬಿದ್ದಿತ್ತು. ಆರ್ಬಿಟರ್‌ಗೆ ಮೊದಲು ಇಟ್ಟ ಹೆಸರು ಅದಾಗಿರಲಿಲ್ಲ. ಅವನ ಹೆಸರು ಡರ್ವಿಶ್, ಅಂದರೆ ನಮ್ಮ ದರವೇಶಿ. ಬೇರೆ ಬೇರೆ ಸಂಸ್ಕೃತಿಗಳಿಗೆ ನೋವಾಗುವಂಥದ್ದು ಆಟದಲ್ಲಿದೆಯೇ ಎಂದು ಬಿಡುಗಡೆಗೆ ಮುನ್ನ ಪರಿಶೀಲಿಸುವ ಹೊಣೆ ಹೊತ್ತವರು, ಈ ಕತೆಯಲ್ಲಿ ಆ ಹೆಸರಿದ್ದರೆ ಅಮೆರಿಕ ಮತ್ತು ಇಸ್ಲಾಮ್ ನಡುವಿನ ಸಂಘರ್ಷದ ರೂಪಕದಂತೆ ಕಾಣುತ್ತದೆ ಎಂದರು. ಹೆಸರು ಬದಲಾಯಿತು. ನಮ್ಮ ಮನಸ್ಸು ನೋಯದಿರಲೆಂದು ನಮ್ಮ ಪದವನ್ನು ಅಳಿಸಿದರು.

ಕೃತಜ್ಞರಾಗಿರಬೇಕೇ? ಆ ಪದದ ಪಾಡನ್ನು ಸ್ವಲ್ಪ ನೋಡಬೇಕು. ಇಂಗ್ಲಿಷಿನಲ್ಲಿ ಆ ಪದಕ್ಕೆ ರಕ್ತದ ನೆನಪಿದೆ. ಸೂಡಾನಿನಲ್ಲಿ ಮಹದಿಯ ಅನುಯಾಯಿಗಳನ್ನು ಬ್ರಿಟಿಷರು ಕರೆದದ್ದು ಡರ್ವಿಶ್‌ಗಳೆಂದೇ. 1898ರ ಸೆಪ್ಟೆಂಬರ್ 2ರಂದು ಓಮ್ಡರ್‌ಮಾನ್‌ನಲ್ಲಿ ಮ್ಯಾಕ್ಸಿಮ್ ಬಂದೂಕುಗಳ ಮುಂದೆ ಅವರಲ್ಲಿ ಸುಮಾರು 10 ಸಾವಿರ ಮಂದಿ ಸತ್ತರು. ಗೆದ್ದವರ ಕಡೆ ಸತ್ತವರು 50 ಮಂದಿಯೂ ಇಲ್ಲ. ಅಂದಿನಿಂದ ಆ ಭಾಷೆಯಲ್ಲಿ ದರವೇಶಿಯೆಂದರೆ ಬಂದೂಕಿನ ಬಾಯಿಗೆ ಕುರುಡಾಗಿ ನುಗ್ಗುವ ಮತಾಂಧ. ಕನ್ನಡಕ್ಕೆ ಬಂದಾಗ ಅದೇ ಪದ ದರಬೇಸಿಯಾಗಿ ಬೈಗುಳವಾಯಿತು. ಕೈಲಾಗದವನನ್ನು, ಗತಿಗೆಟ್ಟವನನ್ನು ಹಾಗೆ ಬೈಯುವುದನ್ನು ಮೈಸೂರು ಸೀಮೆಯಲ್ಲಿ ಕೇಳದವರಿಲ್ಲ. ಉರ್ದು ಶಾಲೆಯಲ್ಲಿ ಕಲಿತ ನಮಗೆ ಮಾತ್ರ ದರ್ವೇಶ್ ಎಂದರೆ ಎಲ್ಲವನ್ನೂ ಬಿಟ್ಟವನು, ಸತ್ಯದ ಬಾಗಿಲಲ್ಲಿ ನಿಂತವನು. ಮೀರ್ ಅಮ್ಮನ್ ಅವರ ‘ಬಾಗ್ ಓ ಬಹಾರ್’ನ ನಾಲ್ವರು ದರವೇಶಿಗಳು ಹುಟ್ಟಾ ಭಿಕ್ಷುಕರಲ್ಲ, ಸಂಪತ್ತು ಮತ್ತು ಸ್ಥಾನ ಕಳೆದುಕೊಂಡು ಕಂಬಳಿ ಹೊದ್ದವರು. ರಾತ್ರಿ ಒಂದೆಡೆ ಕೂತು ಅವರು ಹೇಳುವುದು ತಾವು ಏನನ್ನು ಕಳೆದುಕೊಂಡೆವೆಂಬ ಕತೆಯನ್ನೇ.

ಈಗ ಆರ್ಬಿಟರ್‌ನ ಕತೆ ನೋಡಿ. ಅವನು ಮಹಾ ಸೇನಾಧಿಪತಿಯಾಗಿದ್ದ. ಕವಚ ಹೋಯಿತು, ಪದವಿ ಹೋಯಿತು, ಹೆಸರೂ ಹೋಯಿತು. ಧರ್ಮದ್ರೋಹಿಯೊಬ್ಬನನ್ನು ಕೊಲ್ಲಲು ಪುರೋಹಿತರು ಅವನನ್ನು ಕಳಿಸುತ್ತಾರೆ. ಕೊಂದ ಮೇಲೆ ಒಂದೊಂದೇ ಸಂಶಯ ಹುಟ್ಟುತ್ತದೆ. ಪವಿತ್ರವೆಂದು ನಂಬಿದ ಉಂಗುರಾಕಾರದ ಹೇಲೋಗಳನ್ನು ಹೊತ್ತಿಸಿದರೆ ಸಿಗುವುದು ಮೋಕ್ಷದ ಮಹಾಯಾತ್ರೆಯಲ್ಲ, ಚಿಂತಿಸಬಲ್ಲ ಜೀವಿಗಳೆಲ್ಲದರ ಸಾವು ಎಂದು ಕೊನೆಗೆ ಅವನಿಗೆ ತಿಳಿಯುತ್ತದೆ. ತಾನು ಕೊಂದ ದ್ರೋಹಿ ಹೇಳಿದ್ದೇ ನಿಜವಾಗಿತ್ತು. ಎಲ್ಲ ಕಳೆದುಕೊಂಡವನು ಸತ್ಯಕ್ಕೆ ಎದುರಾಗುವ ಕತೆ ಇದು. ಇಂಗ್ಲಿಷಿನ ಡರ್ವಿಶ್ ಅವನಿಗೆ ಹೊಂದುವುದಿಲ್ಲ, ಉರ್ದುವಿನ ದರ್ವೇಶ್ ಸರಿಯಾಗಿ ಹೊಂದುತ್ತಾನೆ. ಅಳಿಸಿದ ಹೆಸರೇ ಸರಿಯಾದ ಹೆಸರಾಗಿತ್ತು.

ಇನ್ನೊಂದು ತಮಾಷೆಯೂ ಇದೆ. ಬದಲಿಗೆ ಇಟ್ಟ ಹೆಸರಿನ ಅರ್ಥ ಪಂಚ, ನಿರ್ಣಯ ಹೇಳುವವನು. ಅರಬ್ಬಿಯಲ್ಲಿ ಹಕಮ್. 657ರ ಸಿಫ್ಫೀನ್ ಯುದ್ಧದಲ್ಲಿ ಹಜ್ರತ್ ಅಲಿ ಮತ್ತು ಮುಆವಿಯಾ ಅವರ ಕಡೆಯವರು ಇಬ್ಬರು ಹಕಮರನ್ನು ನೇಮಿಸಿದಾಗ, ನಿರ್ಣಯದ ಹಕ್ಕು ಮನುಷ್ಯರಿಗಿಲ್ಲವೆಂದು ಸಿಡಿದು ಹೋದವರೇ ಖಾರಿಜಿಗಳು. ತಮ್ಮನ್ನು ಒಪ್ಪದ ಮುಸ್ಲಿಮರನ್ನು ಕಾಫಿರರೆಂದು ಸಾರುವ ಚಾಳಿ ನಮ್ಮಲ್ಲಿ ಬಲಿತದ್ದು ಅಲ್ಲಿಂದ. ಇಸ್ಲಾಮಿನ ನೆರಳು ಬೀಳದ ಪದ ಹುಡುಕಿದವರು ನಮ್ಮ ಇತಿಹಾಸದ ಅತ್ಯಂತ ನೋವಿನ ಜಾಗಕ್ಕೇ ಬಂದು ನಿಂತಿದ್ದರು.

ಹಾಗೆಂದು ಈ ಆಟವನ್ನು ಹೊಗಳಿ ಮುಗಿಸಲಾಗದು. ಅದರ ಧೈರ್ಯಕ್ಕೆ ಎಲ್ಲೆಯಿದೆ. ಆರ್ಬಿಟರ್ ಆಗಿ ಆಡುವಾಗ ನಾವು ಭಿನ್ನಮತೀಯರನ್ನು, ಯಂತ್ರಗಳನ್ನು, ಫ್ಲಡ್ ಎಂಬ ಸೋಂಕುಪ್ರಾಣಿಗಳನ್ನು, ಕೊನೆಗೆ ಬ್ರೂಟ್ ಎಂಬ ಪ್ರತಿಸ್ಪರ್ಧಿ ಕುಲವನ್ನು ಕೊಲ್ಲುತ್ತೇವೆ. ಸಾಮಾನ್ಯ ಮನುಷ್ಯನೊಬ್ಬನ ಮೇಲೆ ಒಂದು ಗುಂಡನ್ನೂ ಹಾರಿಸುವುದಿಲ್ಲ. ಶತ್ರುವಿನ ಕಣ್ಣು ಕೊಟ್ಟವರು ಆ ಕಣ್ಣಿನಿಂದ ನಮ್ಮವರನ್ನೇ ಗುರಿಯಿಟ್ಟು ನೋಡುವ ಕಷ್ಟವನ್ನು ಮಾತ್ರ ತಪ್ಪಿಸಿದರು. ಇನ್ನು ಬ್ರೂಟ್‌ಗಳು! ಎಲೀಟ್‌ಗಳಿಗೆ ಕೊಟ್ಟ ಮುಖವನ್ನು ಅವರಿಂದ ಕಿತ್ತುಕೊಳ್ಳಲಾಗಿದೆ. ಹಳೆಯ ರಾಕ್ಷಸ ಮನುಷ್ಯನಾಗಬೇಕಾದರೆ ಹೊಸ ರಾಕ್ಷಸ ಬೇಕೇ ಬೇಕು ಎಂಬಂತೆ.

ಅದಕ್ಕಿಂತ ಮುಖ್ಯ ತಕರಾರು ನಂಬಿಕೆಯ ಬಗ್ಗೆ. ಕವನೆಂಟಿನಲ್ಲಿ ಸತ್ಯ, ಕರುಣೆ, ಪಶ್ಚಾತ್ತಾಪ ಎಂಬ ಹೆಸರಿನ ಮೂವರು ಪ್ರವಾದಿಗಳಿದ್ದಾರೆ. ಅವರ ಸಿಂಹಾಸನಗಳಿವೆ, ಭಾಷಣಗಳಿವೆ, ಶಿಕ್ಷೆಗಳಿವೆ. ಆದರೆ ಒಬ್ಬ ಹೆಂಗಸಿಲ್ಲ, ಮಗುವಿಲ್ಲ, ಸಂಜೆಯ ಪ್ರಾರ್ಥನೆಯಿಲ್ಲ, ಸಂಶಯಪಡುತ್ತಲೇ ನಂಬುವ ಒಬ್ಬ ಮುದುಕನಿಲ್ಲ. ಧರ್ಮವೆಂದರೆ ಪುರೋಹಿತಶಾಹಿ ಮತ್ತು ಸೈನ್ಯ, ಅಷ್ಟೆ. ಆರ್ಬಿಟರ್ ನಮ್ಮ ಮಿತ್ರನಾಗುವುದು ನಂಬಿಕೆ ಕಳಚಿದ ಕ್ಷಣದಲ್ಲಿ. ಆಟ ಬಂದ 2004ರಲ್ಲೇ ಚಿಂತಕ ಮಹಮೂದ್ ಮಮ್ದಾನಿ ಅವರ ‘ಗುಡ್ ಮುಸ್ಲಿಮ್, ಬ್ಯಾಡ್ ಮುಸ್ಲಿಮ್’ ಎಂಬ ಪುಸ್ತಕವೂ ಬಂತು. ಒಳ್ಳೆಯವನು, ಕೆಟ್ಟವನು ಎಂಬ ವಿಂಗಡಣೆ ನಿಂತಿರುವುದು ಅವನ ಭಕ್ತಿಯ ಮೇಲಲ್ಲ, ಅಮೆರಿಕದ ಪರವೋ ವಿರುದ್ಧವೋ ಎಂಬ ರಾಜಕೀಯದ ಮೇಲೆ ಎಂದು ಅವರು ವಾದಿಸಿದರು. ಆಟವನ್ನು ಮುಗಿಸಿದಾಗ ನಮಗೆ ಆ ಪುಸ್ತಕ ನೆನಪಾಯಿತು.

ಭೂಮಿಯ ಮೇಲಿನ ಯುದ್ಧ ನಡೆಯುವುದು ಕೀನ್ಯಾದ ಮೊಂಬಾಸಾದಲ್ಲಿ. ಇಬ್ನ್ ಬತೂತಾ 14ನೆಯ ಶತಮಾನದಲ್ಲಿ ಕಂಡು, ಅಲ್ಲಿನ ಮರದ ಮಸೀದಿಗಳನ್ನೂ ಶಾಫಿ ಪಂಥದ ಧರ್ಮಭೀರು ಜನರನ್ನೂ ಬಣ್ಣಿಸಿದ ಊರು ಅದು. ಅದೇ ಪ್ರವಾಸಿ ಮುಂದೆ ನಮ್ಮ ಹೊನ್ನಾವರ, ಮಂಗಳೂರುಗಳಿಗೂ ಬಂದ. ಆಟದ ಮೊಂಬಾಸಾದಲ್ಲಿ ಕಮಾನುಗಳ ಹಳೆಯ ಬೀದಿಗಳಿವೆ, ಮರೀನ್‌ಗಳಿದ್ದಾರೆ, ಊರಿನವರು ಮಾತ್ರ ಒಬ್ಬರೂ ಇಲ್ಲ. ಅನ್ಯಗ್ರಹದ ಶತ್ರುವಿಗೆ ಕಣ್ಣು ಕೊಟ್ಟ ಆಟಕ್ಕೆ ಮೊಂಬಾಸಾದ ಒಬ್ಬ ಮನುಷ್ಯನನ್ನು ತೋರಿಸಲು ಆಗಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತನ್ನು ನಮಗೂ ಹೇಳಿಕೊಳ್ಳಬೇಕು. ಆ ಹೆಸರು ಉಳಿದಿದ್ದರೆ 2004ರಲ್ಲಿ ನಾವು ಏನು ಮಾಡುತ್ತಿದ್ದೆವು? ಪ್ರಾಮಾಣಿಕವಾಗಿ ಹೇಳುವುದಾದರೆ, ಆಟವನ್ನು ನೋಡದೆಯೇ ಖಂಡಿಸುತ್ತಿದ್ದೆವು. ಫಲ್ಲೂಜಾ ಉರಿಯುತ್ತಿದ್ದ ವಾರದಲ್ಲಿ ಆ ಸಿಟ್ಟು ಅಸಹಜವೂ ಆಗಿರುತ್ತಿರಲಿಲ್ಲ. ಆದರೆ ಪೂರ್ತಿ ಕೇಳುವ ಮೊದಲೇ ತೀರ್ಪು ಕೊಡುವ ಅಭ್ಯಾಸ ನಮ್ಮ ಮನೆಯೊಳಗೂ ಇದೆಯಲ್ಲ. ದೆಹಲಿಯಲ್ಲಿ 1661ರಲ್ಲಿ ಸರ್ಮದನ ತಲೆ ತೆಗೆದರು. ಇಂದು ಅವನ ಗೋರಿಗೆ ಹೂವಿನ ಚಾದರ ಹೊದಿಸುತ್ತೇವೆ. ಧರ್ಮದ್ರೋಹಿಯನ್ನು ಕೊಂದ ಮೇಲೆ ಅವನ ಮಾತು ಆರ್ಬಿಟರ್‌ಗೆ ಅರ್ಥವಾಗುವ ಆ ಅಧ್ಯಾಯ ಬೇರೆ ಯಾರಿಗಿಂತ ಹೆಚ್ಚಾಗಿ ನಮ್ಮನ್ನು ಚುಚ್ಚಬೇಕು.

ಮಕ್ಕಳಿಂದ ಇಂಥ ಆಟಗಳನ್ನು ಕಿತ್ತುಕೊಳ್ಳಬೇಕೆನ್ನುವ ಹಿರಿಯರಿದ್ದಾರೆ. ಆಟದಲ್ಲಿ ಹಿಂಸೆಯಿದೆ, ವಯಸ್ಸು ನೋಡಿ ಕೊಡಬೇಕು, ನಿಜ. ಆದರೆ ಬೆಳೆದ ಹುಡುಗರ ಪಕ್ಕ ಒಮ್ಮೆ ಕೂತು ನೋಡುವುದು ಒಳ್ಳೆಯದು. ನಮ್ಮ ಹುಡುಗ ಆಟ ಮುಗಿದ ಮೇಲೂ “ಅವನ ನಿಜವಾದ ಹೆಸರೇನು?” ಎಂದು ಕೇಳಿದ. ಎರಡನೆಯ ಆಟ ಅದನ್ನು ಹೇಳುವುದೇ ಇಲ್ಲ. ನಾವು ಅವನಿಗೆ ಅಳಿಸಿದ ಹೆಸರನ್ನು ಹೇಳಿದೆವು. ಹಾಗಂದರೆ ಯಾರು ಎಂದ. ಆ ರಾತ್ರಿ ನಾಲ್ವರು ದರವೇಶಿಗಳ ಕತೆಯನ್ನು ಮೊದಲಿನಿಂದ ಹೇಳಬೇಕಾಯಿತು.